ಗುಂಡಿಕಳ್ಳನ ಕಥೆಯ ಕೊನೆ

ಹೊಲಿಗೆ ಮಿಷನ್ನಿನ ತಲೆಯನ್ನು ಹಿಂದಕ್ಕೆ ಮಗುಚಿ, ಅದರ ಹೊಟ್ಟೆಯಲ್ಲಿ ಎಣ್ಣೆಗೆ ಅಂಟಿ ಕೂತಿದ್ದ ನೂಲಿನ ಹಿಂಜನ್ನು ಹೊಲಿಗೆಯಕ್ಕ ಸೂಜಿಮೊನೆಯಿಂದ ಕೀಳುತ್ತಿದ್ದಳು. ಬೀದಿಯವರು ಇಟ್ಟ ಹೆಸರು ಅದು. ಈಗೀಗ ಗಂಡನೂ ಬಾಗಿಲಿಗೆ ಯಾರಾದರೂ ಬಂದರೆ "ಹೊಲಿಗೆಯಕ್ಕ ಒಳಗಿದಾಳೆ" ಎಂದೇ ಹೇಳುತ್ತಿದ್ದ. ಅವಳ ಬಲಗಣ್ಣು ಹೋಗಿ ಏಳು ವರ್ಷ. ಎಡಗಣ್ಣೊಂದನ್ನೇ ನೆಚ್ಚಿ, ಕತ್ತನ್ನು ಹಕ್ಕಿಯ ಹಾಗೆ ಓರೆ ಮಾಡಿಕೊಂಡು ಕೆಲಸ ಮಾಡುತ್ತಿದ್ದಳು. ಕಪಾಟಿನ ಮೇಲಿದ್ದ ಹಳೆಯ ಸಿಡಿ ಪ್ಲೇಯರಿನಲ್ಲಿ ಮಗ ಕಥೆ ಓದುತ್ತಿದ್ದ. ಮಗ ಹೋಗಿಯೂ ಏಳು ವರ್ಷ.

"...ದರ್ಜಿ ಅಮ್ಮನ ಮಂಚದ ಕೆಳಗಿಂದ ಡಬ್ಬಿ ಎಳೆದ. ಮುಚ್ಚಳ ತೆಗೆದ. ಒಳಗೆ ನೋಡಿದರೆ..."

ಅಷ್ಟಕ್ಕೆ ಸ್ವರ ತೊದಲಿತು. ಡ, ಡ, ಡ ಎಂದಿತು. ಪೆಟ್ಟಿಗೆ ಗರ್ ಎಂದು ಒಮ್ಮೆ ಸುತ್ತಿ ನಿಂತೇಹೋಯಿತು.

"ಇವತ್ತೂ ಅಷ್ಟೇ," ಎಂದಳು ಹೊಲಿಗೆಯಕ್ಕ.

"ಏನಂದೆ?" ಎಂದ ಗಂಡ. ಮೂವತ್ತೆಂಟು ವರ್ಷ ಮುದ್ರಣಾಲಯದಲ್ಲಿ ದೊಡ್ಡ ಯಂತ್ರದ ಪಕ್ಕದಲ್ಲೇ ನಿಂತವನು. ಕಿವಿಯನ್ನು ಅಲ್ಲೇ ಬಿಟ್ಟು ಬಂದಿದ್ದ.

"ನಿಂತೋಯ್ತು ಅಂದೆ," ಎಂದು ಕೂಗಿದಳು.

"ಅದಕ್ಕೆ ನಾನು ಹೇಳೋದು, ಒಳ್ಳೇದೊಂದು ತರೋಣ ಅಂತ."

ಆ ಸಿಡಿ ಅವಳಿಗಾಗಿಯೇ ಆದದ್ದು. ಏಳು ವರ್ಷದ ಹಿಂದೆ ಅವಳ ಬಲಗಣ್ಣಿನ ಒಳಪರದೆ ಕಿತ್ತುಬಂದು ಆಪರೇಷನ್ ಆಗಬೇಕಾಗಿ ಬಂತು. ಆದಮೇಲೆ ಮೂರು ವಾರ ಬೋರಲಾಗಿಯೇ ಮಲಗಿರಬೇಕು, ತಲೆ ಎತ್ತಿದರೆ ಕಣ್ಣು ಹೋದಂತೆಯೇ ಎಂದಿದ್ದರು ಡಾಕ್ಟರು. ಕೈಯಲ್ಲಿ ಕೆಲಸವಿಲ್ಲದೆ ಕೂತು ಗೊತ್ತಿಲ್ಲದ ಹೆಂಗಸು ಮೂರು ವಾರ ನೆಲ ನೋಡಿಕೊಂಡು ಏನು ಮಾಡಿಯಾಳು? ಮಗ ಬಸ್ ನಿಲ್ದಾಣದಲ್ಲಿ ಬಸ್ಸು ಹೊರಡುವ ಹೊತ್ತನ್ನು ಮೈಕಿನಲ್ಲಿ ಹೇಳುವ ಕೆಲಸದವನು. ಒಳ್ಳೆಯ ಗಂಟಲು. ಅಲ್ಲಿಂದ ಒಂದು ಮೈಕು ಕಡ ತಂದು, ಮಹಡಿಯ ಕೋಣೆಯ ಕಿಟಕಿಗೆ ಕಂಬಳಿ ಹೊದಿಸಿ, ತಾನೇ ಕಟ್ಟಿದ ಹನ್ನೊಂದು ಕಥೆ ಓದಿ ಸಿಡಿ ಮಾಡಿಕೊಟ್ಟ. ಕೊನೆಯದು ಗುಂಡಿಕಳ್ಳನ ಕಥೆ. ಒಂದೂರಿನಲ್ಲಿ ಬೆಳಗಾದರೆ ಯಾರದಾದರೂ ಅಂಗಿಯ ಒಂದು ಗುಂಡಿ ಕಾಣೆ. ಕಳ್ಳನನ್ನು ಹಿಡಿಯಲು ಆ ಊರಿನ ದರ್ಜಿ ಹೊರಡುತ್ತಾನೆ.

"ಒಂದೇ ಉಸಿರಿಗೆ ಎಲ್ಲಾ ಕೇಳಿ ಮುಗಿಸ್ಬೇಡಮ್ಮ. ಎರಡು ದಿನಕ್ಕೊಂದು," ಎಂದಿದ್ದ.

ಅವಳು ಹಾಗೆಯೇ ಕೇಳಿದಳು. ಎಂಟು ಕಥೆ ಆಗಿತ್ತು. ಹದಿನೇಳನೆಯ ದಿನ ಮಗ ಬಸ್ ನಿಲ್ದಾಣದ ಮೆಟ್ಟಿಲ ಮೇಲೆ ಕುಸಿದ. ಹೃದಯ. ತಿಂಗಳುಗಟ್ಟಲೆ ಲಕ್ಷಣ ತೋರಿಸಿರಬೇಕು, ಮನೆಯಲ್ಲಿ ಯಾರೂ ನೋಡಲಿಲ್ಲವೆ ಎಂದರು ಆಸ್ಪತ್ರೆಯಲ್ಲಿ. ಹೊಲಿಗೆಯಕ್ಕ ಎದ್ದಳು. ಎದ್ದು ಓಡಿದಳು. ಕಣ್ಣು ಆವತ್ತೇ ಹೋಯಿತು.

ಹೆಣದ ಪಕ್ಕ ಕೂತಿದ್ದ ಸೊಸೆಗೆ ಅವಳು ಅಂದ ಮಾತು ಒಂದೇ. "ಒಂದೇ ಹಾಸಿಗೇಲಿ ಮಲಗ್ತಿದ್ದೆ. ಅವನ ಉಸಿರು ನಿಂಗೆ ಕೇಳಿಸ್ಲಿಲ್ವಾ?"

ಬಂದವರೆಲ್ಲ ಕೇಳಿಸಿಕೊಂಡರು. ಸೊಸೆ ಬಾಯಿ ತೆರೆದಳು, ಮುಚ್ಚಿದಳು. ಒಂದು ತಿಂಗಳು ಕಳೆದು ತವರಿಗೆ ಹೋದಳು. ಇನ್ನೆರಡು ತಿಂಗಳಿಗೆ ಅವಳ ಕಾಗದ ಬಂತು. ಅದರಲ್ಲಿ ದೂರಿರಲಿಲ್ಲ, ಅಳು ಇರಲಿಲ್ಲ. "ಅತ್ತೆ, ಅವರು ಓದಿದ ಸಿಡಿಯ ಒಂದು ಪ್ರತಿ ಮಾಡಿಸಿ ಕಳಿಸುತ್ತೀರಾ? ಅವರ ದನಿ ನನ್ನ ಹತ್ತಿರ ಒಂದೂ ಇಲ್ಲ," ಎಂದಿತ್ತು ಅಷ್ಟೆ. ಹೊಲಿಗೆಯಕ್ಕ ಕೂತಲ್ಲೇ ಉತ್ತರ ಬರೆದಳು. "ಉಸಿರನ್ನೇ ಕೇಳದವಳಿಗೆ ದನಿ ಯಾಕೆ?" ಲಕೋಟೆಗೆ ಹಾಕಿ, ವಿಳಾಸ ಬರೆದು, ಸ್ಟಾಂಪು ಅಂಟಿಸಿದಳು. ನಾಳೆ ಹಾಕಿದರಾಯಿತು ಎಂದು ಮಿಷನ್ನಿನ ಡ್ರಾಯರಿಗೆ ತಳ್ಳಿದಳು. ಬಾಬಿನು, ಟೇಪು, ಸೀಮೆಸುಣ್ಣದ ಚೂರುಗಳ ಕೆಳಗೆ ಅದು ಏಳು ವರ್ಷ ಮಲಗಿತು. ಹಾಕಲೂ ಇಲ್ಲ, ಹರಿಯಲೂ ಇಲ್ಲ. ಸೊಸೆ ಮತ್ತೆ ಬರೆಯಲಿಲ್ಲ.

ಉಳಿದ ಮೂರು ಕಥೆ ಕೇಳಲು ಅವಳಿಗೆ ಧೈರ್ಯ ಬಂದದ್ದು ಮರುವರ್ಷ. ಆಗಲೇ ಗೊತ್ತಾದದ್ದು, ಹನ್ನೊಂದನೆಯದು ಡಬ್ಬಿಯ ಮುಚ್ಚಳ ತೆಗೆದಲ್ಲಿಗೆ ನಿಂತುಬಿಡುತ್ತದೆ ಎಂದು. ಫೋಟೋ ಸ್ಟುಡಿಯೋದವನ ಕಂಪ್ಯೂಟರಿನಲ್ಲೂ ಅಲ್ಲಿಗೇ ನಿಂತಿತು. "ಸಿಡಿ ಒಳಗಿನ ಸುತ್ತಿಂದ ಹೊರಗಡೆಗೆ ಓದುತ್ತೆ ಅಕ್ಕ. ನಿಮ್ಮ ಮಗ ಅಂಚಿನವರೆಗೂ ತುಂಬಿಸಿದಾರೆ. ಅಂಚು ಮಂಕಾಗಿದೆ," ಎಂದಿದ್ದ ಅವನು. ಡಬ್ಬಿಯೊಳಗೆ ಏನಿತ್ತು? ಮಗ ಬರೆದಿಟ್ಟ ಹಾಳೆಗಳು ಸಿಗಲಿಲ್ಲ. ಕೇಳೋಣವೆಂದರೆ ಗೊತ್ತಿದ್ದವಳು ಸೊಸೆ ಒಬ್ಬಳೇ. ಅವಳನ್ನು ಕೇಳುವುದು ಹೊಲಿಗೆಯಕ್ಕನಿಂದ ಆಗುವ ಕೆಲಸವಲ್ಲ.

ಆದ್ದರಿಂದ ಒಳ್ಳೆಯ ಪ್ಲೇಯರು.

ಅಂಗಡಿ ಎರಡನೆಯ ಮಹಡಿಯಲ್ಲಿತ್ತು. ಗೋಡೆಗೆಲ್ಲ ಜಮಖಾನ, ನೆಲಕ್ಕೆ ಜಮಖಾನ, ಮಧ್ಯೆ ಒಂದು ಚರ್ಮದ ಕುರ್ಚಿ. ಒಳಗೆ ಹೋದರೆ ತನ್ನ ಚಪ್ಪಲಿಯ ಸದ್ದು ತನಗೇ ಕೇಳದಷ್ಟು ಮೌನ.

"ಕೂತ್ಕೊಳ್ಳಿ ಅಮ್ಮ. ಇದರಲ್ಲಿ ಹಾಡೋರ ತುಟಿ ಒದ್ದೆಯಾಗೋದೂ ಕೇಳುತ್ತೆ," ಎಂದ ಅಂಗಡಿಯವನು, ಬೆಳ್ಳಿಬಣ್ಣದ ತೆಳ್ಳನೆಯ ಒಂದನ್ನು ಸವರುತ್ತ.

"ನಮಗೆ ತುಟಿ ಬೇಡಪ್ಪ. ಈ ಸಿಡಿ ಕೊನೆವರೆಗೂ ಓದ್ಬೇಕು. ಹನ್ನೊಂದನೇದು ಹಾಕಿ," ಎಂದಳು ಅವಳು, ಫ್ಲಾನೆಲ್ ಚೀಲದಿಂದ ಸಿಡಿ ತೆಗೆದು.

ಅಂಗಡಿಯವನು ಅದನ್ನು ಬೆಳಕಿಗೆ ಹಿಡಿದ. ಮುಖ ಸಣ್ಣದಾಯಿತು. "ಮನೇಲಿ ಮಾಡಿದ್ದು ಇದು. ದೊಡ್ಡ ಕಂಪನಿ ಯಂತ್ರಗಳು ಇಂಥದನ್ನ ಮುಟ್ಟೋದಿಲ್ಲ ಅಮ್ಮ. ಸ್ವಲ್ಪ ಮಡಿ ಜಾಸ್ತಿ."

"ಹಾಗಾದ್ರೆ ನಮ್ಮತ್ತೆ ಹಾಗೆ," ಎಂದಳು. ಗಂಡ ಏನೂ ಕೇಳಿಸದಿದ್ದರೂ ನಕ್ಕ.

ತೆಳ್ಳನೆಯದು ಸಿಡಿಯನ್ನು ನುಂಗಿ, 'ಡಿಸ್ಕ್ ಇಲ್ಲ' ಎಂದು ತೋರಿಸಿ ಉಗುಳಿತು. ಇನ್ನೊಂದು ಓದಿತು, ಆದರೆ ಮುಚ್ಚಳದ ಹತ್ತಿರ ಬಂದು ತೊದಲಿತು. ಮೂರನೆಯದು ಕಪ್ಪು, ಒಬ್ಬರೇ ಎತ್ತಲಾರದಷ್ಟು ಭಾರ. ಅದರ ಮೇಲಿನ ಗಾಜನ್ನು ಸರಿಸಿ, ಸಿಡಿಯನ್ನು ಕೈಯಾರೆ ಕೂರಿಸಿ, ಅಲುಗದಂತೆ ಮೇಲೊಂದು ಹಿತ್ತಾಳೆಯ ಬಿಲ್ಲೆ ಇಡಬೇಕು. ಗಂಡ ಬಗ್ಗಿ ಅದರ ಮೇಲೆ ಅಂಗೈ ಇಟ್ಟ. ಯಂತ್ರ ಸರಿಯಾಗಿ ತಿರುಗುತ್ತಿದೆಯೋ ಎಂದು ಅವನು ನೋಡುತ್ತಿದ್ದದ್ದೇ ಹಾಗೆ, ಅಂಗೈಯಿಂದ.

"ಅಲುಗಾಟವೇ ಇಲ್ಲ ಕಣೆ. ಇದು ಕೆಲಸದ ಯಂತ್ರ," ಎಂದ.

"...ಮುಚ್ಚಳ ತೆಗೆದ. ಒಳಗೆ ನೋಡಿದರೆ, ಡಬ್ಬಿ ತುಂಬ..."

"ಸಾಕು, ನಿಲ್ಲಿಸಿ," ಎಂದಳು ಹೊಲಿಗೆಯಕ್ಕ. ಏಳು ವರ್ಷ ಕಾದ ಮಾತನ್ನು ಪರರ ಕುರ್ಚಿಯಲ್ಲಿ ಕೂತು ಕೇಳಲು ಅವಳಿಗೆ ಮನಸ್ಸಿರಲಿಲ್ಲ. "ಇದೇ ಇರ್ಲಿ."

ಅಂಗಡಿಯವನು ಬೆಲೆ ಹೇಳಿದ. ಗಂಡ ತಲೆಯಾಡಿಸಿದ. ಬೆಲೆ ಎಷ್ಟೆಂದು ಅವನಿಗೆ ಕೇಳಿಸಿದ್ದು ದಾರಿಯಲ್ಲಿ, ಅವಳು ಕಿವಿಯ ಹತ್ತಿರ ಕೂಗಿ ಹೇಳಿದಾಗ.

ಆ ಯಂತ್ರದ ಜೊತೆ ಬಾಳುವುದೆಂದರೆ ಮನೆಗೆ ಒಬ್ಬ ಮುಂಗೋಪಿ ನೆಂಟ ಬಂದ ಹಾಗಾಯಿತು. ಅದಕ್ಕೆ ಸಮತಟ್ಟಾದ ಕಲ್ಲು ಬೇಕು. ಗಂಡ ರಸಮಟ್ಟ ಇಟ್ಟು ಅರ್ಧ ದಿನ ಕೂತು ಕೂರಿಸಿದ. ಮೇಲೆ ಬಟ್ಟೆ ಮುಚ್ಚಬಾರದು. ಅವಳು ಪ್ರೀತಿಯಿಂದ ಹೊಲಿದ ಗವಸು ದಿಂಬಿನ ಚೀಲವಾಯಿತು. ಓದಿಸುವ ಮುಂಚೆ ಅರ್ಧ ಗಂಟೆ ಬಿಸಿಯಾಗಬೇಕು. ಕೋಣೆ ಪ್ರತಿಧ್ವನಿಸುತ್ತದೆ ಎಂದು ಅಂಗಡಿಯವನು ಅಂದದ್ದಕ್ಕೆ, ಗಿರಾಕಿಗಳು ಒಯ್ಯದೆ ಬಿಟ್ಟ ಪರದೆಗಳನ್ನೆಲ್ಲ ಜೋಡಿಸಿ ಹೊಲಿದು ಗೋಡೆಗೆ ತೂಗಿಸಿದಳು. ಫ್ಯಾನು ಆರಿಸಬೇಕು. ಹೊಲಿಗೆ ಮಿಷನ್ನು ತುಳಿಯುವಂತಿಲ್ಲ.

"ಅವನು ಚಿಕ್ಕೋನಿದ್ದಾಗ ತೊಟ್ಟಿಲು ಕಟ್ಟಿದ್ದೂ ಇಷ್ಟು ಸಂಭ್ರಮದಿಂದ ಅಲ್ಲ," ಎಂದ ಗಂಡ.

ಕೊನೆಯದನ್ನು ಅವಳು ಮೊದಲೇ ಹಾಕಲಿಲ್ಲ. ಮೊದಲಿನಿಂದ, ದಿನಕ್ಕೊಂದು, ಮಧ್ಯಾಹ್ನದ ಊಟವಾದಮೇಲೆ. ಕೊನೆ ಕೇಳಿಬಿಟ್ಟರೆ ಮಗನ ಹತ್ತಿರ ಕೇಳಲು ಇನ್ನೇನೂ ಉಳಿಯುವುದಿಲ್ಲವಲ್ಲ ಎಂಬ ಭಯ.

ಮೊದಲ ದಿನವೇ ಅವಳಿಗೆ ವ್ಯತ್ಯಾಸ ಗೊತ್ತಾಯಿತು. ಇಷ್ಟು ದಿನ ಕಪಾಟಿನೊಳಗಿನಿಂದ ಮಾತಾಡಿದಂತಿದ್ದ ಮಗ ಈಗ ಎದುರಿಗೆ ಕೂತಿದ್ದ. ಹಾಳೆ ತಿರುವಿದ ಸದ್ದು ಕೇಳಿತು. ನೀರು ಗುಟುಕರಿಸಿದ್ದು, ಲೋಟ ಮೇಜಿನ ಮೇಲಿಟ್ಟದ್ದು. ನಗು ಬಂದ ಕಡೆ ನಗುವನ್ನು ಮೂಗಿನಲ್ಲಿ ತಡೆದದ್ದು. ಗಂಡ ಯಂತ್ರದ ಜೊತೆ ಬಂದ ಸ್ಪೀಕರಿಗೆ ಅಂಗೈ ಒತ್ತಿ ಕೂತಿದ್ದ. "ನಂಗೂ ಗೊತ್ತಾಗ್ತಿದೆ. ಇವನೇ," ಎಂದ.

ನಾಲ್ಕನೆಯ ದಿನ ಅವಳಿಗೆ ಉಸಿರು ಕೇಳಿಸಿತು. ವಾಕ್ಯ ಶುರುವಾಗುವ ಮುಂಚೆ ಒಂದು ಗುಟುಕು ಉಸಿರು. ಆರನೆಯ ದಿನ ಅದು ವಾಕ್ಯದ ನಡುವೆಯೂ ಬಂತು. ಏಳರಲ್ಲಿ ಮಗ ಒಂದು ಉದ್ದ ಮಾತನ್ನು ಎರಡಾಗಿ ಒಡೆದು ಹೇಳಿದ, ಒಡೆಯಬಾರದ ಕಡೆ. ಬಟ್ಟೆಯ ಮೇಲೆ ಕಣ್ಣಿಗೆ ಕಾಣದಿದ್ದರೂ ತಪ್ಪಿದ ಹೊಲಿಗೆ ಎಲ್ಲಿದೆಯೆಂದು ಅವಳ ಬೆರಳಿಗೆ ಗೊತ್ತಾಗುತ್ತಿತ್ತು. ಹಾಗೆಯೇ ಈಗ ಕಿವಿಗೆ ಗೊತ್ತಾಗತೊಡಗಿತು: ಇಲ್ಲಿ, ಇಲ್ಲಿ, ಮತ್ತೆ ಇಲ್ಲಿ. ಎದೆಯೊಳಗೆ ಏನೋ ಎಳೆಯುತ್ತಿದೆ. ಅವನು ಅದನ್ನು ಮುಚ್ಚಿಕೊಂಡು ತಮಾಷೆಯ ದನಿಯಲ್ಲಿ ಓದುತ್ತಿದ್ದಾನೆ.

ಮೊದಲ ಎಂಟು ಕಥೆಗಳನ್ನು ಅವಳು ಏಳು ವರ್ಷದ ಹಿಂದೆ ಬೋರಲು ಮಲಗಿಕೊಂಡು ಕೇಳಿದ್ದಳು. ಆಗ ಮಗ ಇನ್ನೂ ಇದ್ದ. ಹೊತ್ತುಹೊತ್ತಿಗೆ ಗಂಜಿಯ ಬಟ್ಟಲು ಹಿಡಿದು ನೆಲದ ಮೇಲೆ ಅವಳ ಮುಖದ ಕೆಳಗೇ ಕೂರುತ್ತಿದ್ದ. ಆಗ ಅವಳಿಗೆ ಏನೂ ಕೇಳಿಸಿರಲಿಲ್ಲ. ಆ ಹಳೆಯ ಪೆಟ್ಟಿಗೆಯಲ್ಲಿ ಇದೆಲ್ಲ ಎಲ್ಲಿ ಕೇಳಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಆದರೆ ಮಗನ ಮುಖ ಪೆಟ್ಟಿಗೆಯೊಳಗೆ ಇರಲಿಲ್ಲವಲ್ಲ, ಕಣ್ಣೆದುರೇ ಇತ್ತಲ್ಲ ಎಂದೂ ಅನ್ನಿಸಿತು. ಅದನ್ನು ಪಕ್ಕಕ್ಕೆ ತಳ್ಳಿದಳು.

ಹನ್ನೊಂದನೆಯ ದಿನ ಕಿಟಕಿ ಮುಚ್ಚಿ, ಬಾಗಿಲಿಗೆ ಚಿಲಕ ಹಾಕಿ ಕೂತಳು.

"...ಒಳಗೆ ನೋಡಿದರೆ, ಡಬ್ಬಿ ತುಂಬ ಗುಂಡಿ. ಊರಿನವರ ಗುಂಡಿಯೆಲ್ಲ ಅಲ್ಲಿವೆ. 'ಯಾಕಮ್ಮ ಹೀಗೆ ಮಾಡ್ದೆ?' ಅಂತ ದರ್ಜಿ ಕೇಳಿದ. ಅಮ್ಮ ಹೇಳಿದಳು: 'ಗುಂಡಿ ಬಿದ್ರೆ ಜನ ನಿನ್ನ ಹುಡುಕ್ಕೊಂಡು ಬರ್ತಾರೆ. ಜನ ಬರ್ತಿದ್ರೆ ನೀನು ಅಂಗಡಿ ಬಿಟ್ಟು ಎಲ್ಲೂ ಹೋಗಲ್ಲ. ಎಲ್ಲೂ ಹೋಗದಿದ್ರೆ ನನ್ನ ಕಣ್ಣ ಮುಂದೇನೇ ಇರ್ತೀಯ.' ಅಲ್ಲಿಗೆ ಕಥೆ ಮುಗೀತು ಅಮ್ಮ. ಇನ್ನು ಮಲಗು."

ಹೊಲಿಗೆಯಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಿಲ್ಲಿಸಲು ಕೈ ಚಾಚಿದಳು. ಆದರೆ ಯಂತ್ರದ ಮೇಲೆ ನಿಮಿಷದ ಅಂಕಿ ಇನ್ನೂ ಓಡುತ್ತಿತ್ತು. ಕೈ ಅಲ್ಲೇ ನಿಂತಿತು.

ಹಾಳೆ ಮಡಿಸಿದ ಸದ್ದು. ಕುರ್ಚಿ ಕಿರ್ ಎಂದಿತು. ಆಮೇಲೆ ಒತ್ತಿ ಹಿಡಿದ ಒಂದು ಕೆಮ್ಮು. ದೂರದಿಂದ, ಬಾಗಿಲ ಹತ್ತಿರ ಇರಬೇಕು, ಹೆಣ್ಣುದನಿ. ಸೊಸೆಯದು.

"ಆಯ್ತಾ?"

"ಹೂಂ, ಆಯ್ತು."

"ಮತ್ತೆ ಎದೆ ಹಿಡ್ಕೊಂಡಿದೀರಿ."

"ಇಲ್ಲ ಕಣೇ, ಗುಂಡಿ ಹಾಕ್ಕೋತಿದ್ದೆ."

"ನಗ್ಬೇಡಿ. ರಾತ್ರಿಯೆಲ್ಲ ನಿಮ್ಮ ಉಸಿರು ಕೇಳ್ತಾ ಎಚ್ಚರ ಇರ್ತೀನಿ ನಾನು. ನಾಳೆ ಹೋಗಿ ತೋರಿಸ್ಕೊಂಡು ಬರೋಣ. ಚೀಟಿ ಬರೆಸಿಟ್ಟಿದೀನಿ."

"ಅಮ್ಮನ ಕಣ್ಣು ಒಂದು ಮುಗೀಲಿ. ನಾನು ಆಸ್ಪತ್ರೇಲಿದೀನಿ ಅಂತ ಗೊತ್ತಾದ್ರೆ ಅವಳು ಬೋರಲು ಮಲಗ್ತಾಳಾ? ಎದ್ದು ಓಡಿ ಬರ್ತಾಳೆ. ಕಣ್ಣು ಹೋಗುತ್ತೆ."

"ಹಾಗಂತ ನೀವು..."

"ಮೂರೇ ವಾರ. ಮಾತು ಕೊಡು. ಅಮ್ಮಂಗೆ ಹೇಳ್ಬಾರ್ದು. ಆಮೇಲೂ ಹೇಳ್ಬಾರ್ದು. ತನ್ನಿಂದ ತಡ ಆಯ್ತು ಅಂತ ಕೊರಗ್ತಾಳೆ."

ಬಹಳ ಹೊತ್ತು ಏನೂ ಇಲ್ಲ. ಎರಡು ಉಸಿರು ಮಾತ್ರ, ಒಂದು ಸರಾಗ, ಒಂದು ಎಳೆದದ್ದು.

"ಕೊಟ್ಟೆ," ಎಂದಳು ಸೊಸೆ. ಆಮೇಲೆ, "ಆ ಕೆಂಪು ದೀಪ ಯಾಕೆ ಇನ್ನೂ ಉರೀತಿದೆ?"

ಟಕ್ ಎಂದು ನಿಂತಿತು.

ಗಂಡ ಅವಳ ಮುಖವನ್ನೇ ನೋಡುತ್ತಿದ್ದ. "ಮುಗೀತಾ? ಕಳ್ಳ ಯಾರು?"

"ತಾಯಿ," ಎಂದಳು.

"ಆಂ?"

"ತಾಯಿ," ಎಂದು ಕೂಗಿದಳು. "ದರ್ಜಿಯ ತಾಯಿ."

ಗಂಡ ತೊಡೆ ತಟ್ಟಿ ನಕ್ಕ. "ಭಲೆ. ನಂಗೆ ಮೊದಲೇ ಗುಮಾನಿ ಇತ್ತು." ಅವನು ಹಾಗೆ ನಕ್ಕು ವರ್ಷಗಳಾಗಿದ್ದವು. ಉಳಿದದ್ದನ್ನು ಅವಳು ಹೇಳಲಿಲ್ಲ.

ಅಲ್ಲಿಂದ ಒಂಬತ್ತು ದಿನ, ಗಂಡ ಸಂಜೆ ನಡೆಯಲು ಹೋದಾಗಲೆಲ್ಲ, ಅವಳು ಕೊನೆಯ ಆ ಒಂದೂವರೆ ನಿಮಿಷವನ್ನೇ ಹಾಕಿಕೊಂಡು ಕೇಳಿದಳು. ಹಳೆಯ ಪೆಟ್ಟಿಗೆಯ ಹಾಗೆ ಒಂದು ಸಲವಾದರೂ ತೊದಲಬಾರದೇ ಎನ್ನಿಸುತ್ತಿತ್ತು. ಯಂತ್ರ ಒಂದು ಅಕ್ಷರ ಬಿಡದೆ ಹೇಳಿತು, ಪ್ರತಿದಿನವೂ. ಏಳು ವರ್ಷ ಅವಳು ಎದ್ದು ಕೆಲಸ ಮಾಡಿದ್ದು, ಉಂಡದ್ದು, ಮಲಗಿದ್ದು ಎಲ್ಲ ಒಂದು ಸಿಟ್ಟಿನ ಮೇಲೆ. ಆ ಸಿಟ್ಟಿನ ಕಾಲು ಈಗ ಮುರಿದಿತ್ತು. ಕಣ್ಣು ಉಳಿಯಲೆಂದು ಅವನು ತಡ ಮಾಡಿದ. ಕಣ್ಣೂ ಉಳಿಯಲಿಲ್ಲ. ಮಾತು ಉಳಿಸಿಕೊಂಡವಳು ಸೊಸೆ ಒಬ್ಬಳೇ. ಅವಳನ್ನು ಹೆಣದ ಮುಂದೆ ನಾಲ್ಕು ಜನ ಕೇಳುವ ಹಾಗೆ ತಾನು ಅಂದದ್ದು.

ಹತ್ತನೆಯ ದಿನ ಗಂಡ ಮಂಡಿನೋವೆಂದು ಅರ್ಧ ದಾರಿಯಿಂದ ಹಿಂದಿರುಗಿದ. ಒಳಗೆ ಬಂದವನೇ ಅಭ್ಯಾಸದಂತೆ ಸ್ಪೀಕರಿಗೆ ಅಂಗೈ ಇಟ್ಟ. ಸ್ವಲ್ಪ ಹೊತ್ತು ಹಾಗೇ ಇದ್ದು ಹುಬ್ಬು ಗಂಟಿಕ್ಕಿದ.

"ಇದು ಅವನಲ್ಲ. ಬೇರೆ ಯಾರೋ. ಯಾರೇ ಇದು?"

"ಸೊಸೆ," ಎಂದಳು.

ಅವನಿಗೆ ಕೇಳಿಸಲಿಲ್ಲ. ಅವಳು ಅವನ ಕಿವಿಗೆ ಬಾಯಿ ಹಚ್ಚಿ ಎಲ್ಲವನ್ನೂ ಹೇಳಬೇಕಾಯಿತು. ಮಗ ಪಿಸುಗುಟ್ಟಿದ್ದನ್ನು ಅವಳು ಕೂಗಿ ಹೇಳಿದಳು. ಅಮ್ಮಂಗೆ ಹೇಳ್ಬಾರ್ದು ಎಂದದ್ದನ್ನು ಎರಡು ಸಲ ಕೂಗಿದಳು, ಮೊದಲ ಸಲ ಅವನಿಗೆ ಅರ್ಥವಾಗಲಿಲ್ಲವೆಂದು. ಪಕ್ಕದ ಮನೆಯ ಕಿಟಕಿ ತೆರೆದೇ ಇತ್ತು.

ಗಂಡ ಕಲ್ಲಿನ ಅಂಚು ಹಿಡಿದು ನೆಲಕ್ಕೆ ಕೂತ. "ಆವತ್ತು ನೀನು ಅಂದಾಗ ನಾನೂ ಪಕ್ಕದಲ್ಲೇ ಇದ್ದೆ. ಅದು ನಂಗೆ ಕೇಳಿಸಿತ್ತು ಕಣೆ," ಎಂದ. "ಸುಮ್ನಿದ್ದೆ."

ಅವಳು ಯಂತ್ರ ನಿಲ್ಲಿಸಿದಳು.

"ಅವಳಿಗೆ ಕಾಗದ ಬರಿ," ಎಂದ ಗಂಡ.

"ಏಳು ವರ್ಷ ಆದ್ಮೇಲೆ ಏನಂತ ಬರೀಲಿ?"

"ಸಿಡಿ ಕೇಳಿದ್ಲಲ್ಲ. ಪ್ರತಿ ಮಾಡ್ಸಿ ಕಳ್ಸು."

"ಸ್ಟುಡಿಯೋದವನದು ಅಂಚು ಓದಲ್ಲ. ಅಂಚಲ್ಲಿರೋದೇ ಅವಳದು."

"ಫೋನಲ್ಲಿ ಹಿಡ್ದು ಇಟ್ಕೊಳ್ಳೋಣ. ಆಮೇಲೆ ಇದನ್ನೇ ಕಳ್ಸು."

ಹೊಲಿಗೆಯಕ್ಕ ಗಾಜು ಸರಿಸಿ, ಬಿಲ್ಲೆ ಎತ್ತಿಟ್ಟು, ಸಿಡಿಯನ್ನು ಅಂಚಿನಿಂದ ಹಿಡಿದು ತೆಗೆದಳು. "ಏಳು ವರ್ಷ ನಾನೇ ಇಟ್ಕೊಂಡಿದ್ದೆ. ಇನ್ನೊಂದು ಮಾಡಿ ಇಟ್ಕೊಂಡ್ರೆ ಕೊಟ್ಟ ಹಾಗಾಗುತ್ತಾ?" ಎಂದಳು. ಗಂಡ ಖಾಲಿಯಾದ ಯಂತ್ರವನ್ನು ನೋಡಿದ. ಬೇಡ ಅನ್ನಲಿಲ್ಲ.

ಡ್ರಾಯರಿನ ತಳದಿಂದ ಲಕೋಟೆ ತೆಗೆದಳು. ಒಳಗಿದ್ದ ಒಂದು ಸಾಲಿನ ಕಾಗದವನ್ನು ಮತ್ತೆ ಓದದೆ ಒಲೆಗೆ ಹಾಕಿದಳು. ಹೊಸದನ್ನು ಬರೆಯಲು ಎರಡು ದಿನ ಹಿಡಿಯಿತು. ಉದ್ದುದ್ದ ಬರೆದಳು, ಹರಿದಳು. ಅಳು ತುಂಬಿದ್ದನ್ನು ಹರಿದಳು. ಕ್ಷಮೆ ಎಂಬ ಮಾತು ಮೂರು ಕಡೆ ಬಂದದ್ದನ್ನು, ಅದು ಬೇಡಿದಂತಲ್ಲ, ವಸೂಲಿಗೆ ಹೋದಂತಿದೆ ಎನ್ನಿಸಿ ಹರಿದಳು. ಉಳಿದದ್ದು ಇಷ್ಟು:

"ನೀನು ಕೊಟ್ಟ ಮಾತು ನನಗೆ ಈಗ ಕೇಳಿಸಿತು. ಅವನ ಉಸಿರು ನಿನಗೆ ಕೇಳಿತ್ತು, ಕೇಳದವಳು ನಾನು. ನೀನು ಪ್ರತಿ ಕೇಳಿದ್ದೆ. ಇದು ಅದೇ, ಇಲ್ಲಿ ಇನ್ನೊಂದಿಲ್ಲ. ಹನ್ನೊಂದನೆಯದನ್ನು ಕಥೆ ಮುಗಿದಮೇಲೂ ನಿಲ್ಲಿಸದೆ ಕೇಳು. ಸಾಧಾರಣ ಯಂತ್ರ ಅದನ್ನು ಓದುವುದಿಲ್ಲ. ಓದುವುದು ನಮ್ಮ ಮನೆಯಲ್ಲಿ ಒಂದಿದೆ."

ಸಿಡಿಯನ್ನು ಫ್ಲಾನೆಲ್ಲಿನಲ್ಲಿ ಸುತ್ತಿ, ಎರಡು ರಟ್ಟಿನ ನಡುವೆ ಇಟ್ಟು, ಹೊಸ ಕಾಗದವಿಟ್ಟ ಹಳೆಯ ಲಕೋಟೆಯ ಸಮೇತ ಬಿಳಿ ಬಟ್ಟೆಯಲ್ಲಿ ಹೊಲಿದಳು. ಮಿಷನ್ನಿನಲ್ಲಲ್ಲ, ಕೈಯಲ್ಲಿ. ಒಂದೇ ಕಣ್ಣಿನಲ್ಲಿ ದಾರ ಪೋಣಿಸಲು ಆವತ್ತು ನಾಲ್ಕು ಸಲ ತಪ್ಪಿತು. ಬಟ್ಟೆಯ ಮೇಲೆ ಲಕೋಟೆಯಲ್ಲಿದ್ದ ಏಳು ವರ್ಷದ ಹಿಂದಿನ ವಿಳಾಸವನ್ನೇ ಬರೆದಳು.

ಅಂಚೆ ಕಚೇರಿಯ ಗುಮಾಸ್ತೆ ಕಟ್ಟನ್ನು ತಿರುಗಿಸಿ ನೋಡಿದಳು. "ಒಳಗೇನಿದೆ ಅಜ್ಜಿ? ಒಡೆಯೋ ವಸ್ತುನಾ?"

"ಹೂಂ ತಾಯಿ. ಒಡೆಯೋದೇ."

"ಈ ವಿಳಾಸದಲ್ಲಿ ಈಗಲೂ ಇದಾರಾ ಇವರು?"

"ಗೊತ್ತಿಲ್ಲ."

"ಇಲ್ದಿದ್ರೆ ವಾಪಸ್ ಬರುತ್ತೆ. ನಿಮ್ಮ ವಿಳಾಸಾನೂ ಬರೀರಿ ಮತ್ತೆ."

ಹೊಲಿಗೆಯಕ್ಕ ಕತ್ತು ಓರೆ ಮಾಡಿ, ಬಟ್ಟೆಯ ಮೂಲೆಯಲ್ಲಿ ಒಂದೊಂದೇ ಅಕ್ಷರವಾಗಿ ಮನೆಯ ವಿಳಾಸ ಬರೆದಳು. ಗುಮಾಸ್ತೆ ಹಸಿ ಇಂಕಿನ ಮೇಲೆ ಊದಿ, ಎರಡು ಕಡೆ ಮೊಹರು ಕುಟ್ಟಿ, ಹಿಂದಿದ್ದ ಚೀಲಕ್ಕೆ ಇಳಿಬಿಟ್ಟಳು. ಅದು ಬಿದ್ದ ಸದ್ದು ಕೇಳುವವರೆಗೂ ಹೊಲಿಗೆಯಕ್ಕ ಕಿಟಕಿ ಬಿಟ್ಟು ಅಲುಗಲಿಲ್ಲ.